ರೂಟರಿಗೆ ಬಂದ ಅರ್ಜಿ: ಸಾಲುಸಾಲಾಗಿ ಒಂದು ವ್ಯಾಖ್ಯಾನ

ಮನೆಯ ರೂಟರ್, ಅಂಗಡಿಯ ಸಿಸಿಟಿವಿಗೆ ಜೋಡಿಸಿದ ಡಿವಿಆರ್, ಆಫೀಸಿನ ಪ್ರಿಂಟರ್, ಕಂಪನಿಯ ಫೈರ್‌ವಾಲ್, ಇವೆಲ್ಲದರ ಒಳಗೂ ಒಂದೊಂದು ಪುಟ್ಟ ವೆಬ್ ಸರ್ವರ್ ಕೂತಿರುತ್ತದೆ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದಾಗ ಬರುವ ಲಾಗಿನ್ ಪುಟ ಅದರದ್ದೇ. ಬ್ರೌಸರ್ ಮತ್ತು ಆ ಸರ್ವರ್ ನಡುವಿನ ಮಾತುಕತೆ ನಮಗೆ ಕಾಣುವುದಿಲ್ಲ. ಕಾಣುವಂತಿದ್ದರೆ ಅದು ಸಾದಾ ಅಕ್ಷರಗಳಲ್ಲಿ ಬರೆದ ಒಂದು ಅರ್ಜಿ, ಅದಕ್ಕೊಂದು ಉತ್ತರ. ಅಂಥ ಅರ್ಜಿಯೊಂದು ಇಲ್ಲಿದೆ:

ಪೋಸ್ಟ್ /ಇಮೇಜಸ್/..%2ಎಫ್ಸೆಟಪ್.ಸಿಜಿಐ ಎಚ್‌ಟಿಟಿಪಿ/1.1
ಹೋಸ್ಟ್: 192.168.1.1
ಯೂಸರ್-ಏಜೆಂಟ್: ಎಕ್ಸ್‌ಎಂಎಲ್‌ಸೆಟ್_ರೂಡ್‌ಕೇಬ್ಲಿಯೋಜ್28840ಐಬ್ಟೈಡ್
ಫಾರ್ವರ್ಡೆಡ್: ಫಾರ್=127.0.0.1
ಕುಕೀ: ಯುಐಡಿ=ಅಡ್ಮಿನ್
ಆಥರೈಸೇಶನ್: ಡೈಜೆಸ್ಟ್ ಯೂಸರ್‌ನೇಮ್="ಅಡ್ಮಿನ್", ರೆಸ್ಪಾನ್ಸ್=""

ಡಿಎನ್‌ಎಸ್1=203.0.113.53

ವ್ಯಾಖ್ಯಾನಕ್ಕೆಂದು ಇದನ್ನು ನಾನೇ ಹೊಲಿದದ್ದು. ಇಷ್ಟೂ ಸಾಲುಗಳು ಒಟ್ಟಿಗೆ ಯಾವ ಯಂತ್ರಕ್ಕೂ ಬಂದಿರಲಾರವು. ಆದರೆ ಇವುಗಳಲ್ಲಿ ಹೆಚ್ಚಿನವು ಬೇರೆಬೇರೆ ವರ್ಷಗಳಲ್ಲಿ, ಬೇರೆಬೇರೆ ಕಂಪನಿಗಳ ನಿಜವಾದ ಯಂತ್ರಗಳ ಬಾಗಿಲು ತೆಗೆಸಿವೆ, ಅದೂ ಪಾಸ್‌ವರ್ಡ್ ಇಲ್ಲದೆ. ಓದುವ ಮುನ್ನ ಒಂದು ಸಂಗತಿ ಗಮನದಲ್ಲಿರಲಿ. ಈ ಅರ್ಜಿಯ ಪ್ರತಿ ಅಕ್ಷರವನ್ನೂ ಬರೆದವನು ಹೊರಗಿನಿಂದ ಬಂದವನು. ಯಂತ್ರ ತನ್ನ ಕೈಯಾರೆ ಬರೆದದ್ದು ಇದರಲ್ಲಿ ಒಂದೂ ಇಲ್ಲ.

ಪೋಸ್ಟ್ /ಇಮೇಜಸ್/..%2ಎಫ್ಸೆಟಪ್.ಸಿಜಿಐ ಎಚ್‌ಟಿಟಿಪಿ/1.1

'ಪೋಸ್ಟ್' ಎಂದರೆ ಬಂದವನು ಏನನ್ನೋ ಬದಲಿಸಲು ಹೊರಟಿದ್ದಾನೆ. ಕೊನೆಯ 'ಎಚ್‌ಟಿಟಿಪಿ/1.1' ಆವೃತ್ತಿಯ ಸಂಖ್ಯೆ, ಅದನ್ನು ಬಿಡೋಣ. ಕುತಂತ್ರವೆಲ್ಲ ನಡುವಿನ ವಿಳಾಸದಲ್ಲಿದೆ.

ಲಾಗಿನ್ ಪುಟ ತೋರಿಸಬೇಕಾದರೆ ಕಂಪನಿಯ ಲೋಗೋ ಬೇಕು, ಬಟನ್‌ಗಳ ಚಿತ್ರ ಬೇಕು. ಬಳಕೆದಾರ ಇನ್ನೂ ಒಳಗೆ ಬಂದಿಲ್ಲವಾದ್ದರಿಂದ ಈ ಚಿತ್ರಗಳನ್ನು ಪಾಸ್‌ವರ್ಡ್ ಕೇಳದೆಯೇ ಕೊಡಬೇಕು. ಹಾಗಾಗಿ ಕೋಡ್ ಬರೆಯುವವರು 'ಇಮೇಜಸ್ ಫೋಲ್ಡರಿಗೆ ತಪಾಸಣೆ ಬೇಡ' ಎಂದು ಒಂದು ವಿನಾಯಿತಿ ಪಟ್ಟಿ ಮಾಡಿಡುತ್ತಾರೆ. ಇಲ್ಲಿಯವರೆಗೆ ಸರಿ. ಆದರೆ ವಿಳಾಸ ಆ ಪಟ್ಟಿಗೆ ಸೇರಿದೆಯೇ ಎಂದು ನೋಡುವಾಗ ಅದರ ಆರಂಭದ ಅಕ್ಷರಗಳನ್ನಷ್ಟೇ ಹೋಲಿಸುತ್ತಾರೆ. '/ಇಮೇಜಸ್/' ಎಂದು ಶುರುವಾದರೆ ಸಾಕು, ಮುಂದೇನಿದೆ ಎಂದು ಕೇಳುವವರಿಲ್ಲ.

ಮುಂದಿರುವುದು ಎರಡು ಚುಕ್ಕಿ. ಕಡತಗಳ ಭಾಷೆಯಲ್ಲಿ ಅದಕ್ಕೆ 'ಒಂದು ಫೋಲ್ಡರ್ ಮೇಲಕ್ಕೆ ಹೋಗು' ಎಂಬ ಅರ್ಥ. '%2ಎಫ್' ಎಂಬುದು ಓರೆಗೆರೆಯ ಸಂಕೇತರೂಪ. ತಪಾಸಣೆಯ ಹೊತ್ತಿಗೆ ಅದು ಇನ್ನೂ ಸಂಕೇತವಾಗಿಯೇ ಇರುತ್ತದೆ, ಕಡತ ತೆರೆಯುವ ಹೊತ್ತಿಗೆ ಬಿಡಿಸಿಕೊಂಡು ನಿಜವಾದ ಓರೆಗೆರೆಯಾಗುತ್ತದೆ. ಕಾವಲುಗಾರ ಓದಿದ ವಿಳಾಸವೇ ಬೇರೆ, ಒಳಗಿನವನು ಓದಿದ ವಿಳಾಸವೇ ಬೇರೆ. ಚಿತ್ರ ಕೇಳಿದವನ ಕೈಗೆ ಸೆಟ್ಟಿಂಗ್ಸ್ ಪುಟ ಸಿಕ್ಕಿತು.

2021ರಲ್ಲಿ ಟೆನೆಬಲ್ ಸಂಸ್ಥೆಯ ಸಂಶೋಧಕ ಇವಾನ್ ಗ್ರಾಂಟ್ ಜಪಾನಿನ ಬಫೆಲೋ ರೂಟರೊಂದನ್ನು ಬಿಚ್ಚಿ ನೋಡುವಾಗ ಕಂಡದ್ದು ಈ ದೋಷವೇ. ಕೋಡ್ ಬಫೆಲೋದ್ದಲ್ಲ, ತೈವಾನಿನ ಆರ್ಕೇಡಿಯನ್ ಬರೆದು ಕೊಟ್ಟದ್ದು ಎಂಬುದು ಆಮೇಲೆ ತಿಳಿಯಿತು. ಅದೇ ಕೋಡ್ ವೆರಿಝಾನ್, ವೊಡಾಫೋನ್, ಟೆಲ್‌ಸ್ಟ್ರಾ, ಡಾಯ್ಚೆ ಟೆಲಿಕಾಮ್ ಹೆಸರಿನ ಪೆಟ್ಟಿಗೆಗಳಲ್ಲೂ ಇತ್ತು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ. ಆಗಸ್ಟ್ ಮೊದಲ ವಾರದಲ್ಲಿ ವಿವರ ಬಯಲಾಯಿತು. ಅದೇ ವಾರ ದಾಳಿಗಳೂ ಶುರುವಾದವು. ಪೆಟ್ಟಿಗೆಯ ಮೇಲಿನ ಬ್ರಾಂಡ್ ನೋಡಿ ಭದ್ರತೆಯನ್ನು ಅಳೆಯುವವರಿಗೆ ಈ ಪಟ್ಟಿ ತೋರಿಸಬೇಕು.

ಪರಿಹಾರ ಕೋಡ್ ಬರೆಯುವವರ ಕೈಯಲ್ಲೇ ಇದೆ. ಮೊದಲು ಸಂಕೇತ ಬಿಡಿಸಿ, ಚುಕ್ಕಿಗಳನ್ನು ತೀರಿಸಿ, ವಿಳಾಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಬೇಕು. ತಪಾಸಣೆ ಆಮೇಲೆ. ವಿನಾಯಿತಿಯನ್ನು ಇಡೀ ಫೋಲ್ಡರಿಗೆ ಕೊಡದೆ ಇಂತಿಂಥ ಕಡತಕ್ಕೆ ಎಂದು ಹೆಸರಿಟ್ಟು ಕೊಡಬೇಕು, ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ ಪಾಸ್‌ವರ್ಡ್ ಕೇಳಬೇಕು. ಬಳಕೆದಾರ ಮಾಡಬಹುದಾದದ್ದು ಫರ್ಮ್‌ವೇರ್ ಅಪ್‌ಡೇಟ್ ಒಂದೇ. ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರಾದರೆ ಎಷ್ಟೋ ಸಲ ಅದೂ ನಮ್ಮ ಕೈಯಲ್ಲಿರುವುದಿಲ್ಲ.

ಹೋಸ್ಟ್: 192.168.1.1

ಯಾರನ್ನು ಉದ್ದೇಶಿಸಿ ಬರೆದ ಅರ್ಜಿ ಎಂಬುದು ಈ ಸಾಲು. ಎಷ್ಟೋ ಯಂತ್ರಗಳು ಇದನ್ನು ಓದುವುದೇ ಇಲ್ಲ, ಯಾರ ಹೆಸರಿಗೆ ಬಂದರೂ ಉತ್ತರ ಕೊಡುತ್ತವೆ.

ಅದರಿಂದೇನು ಎನ್ನಬೇಡಿ. 'ನನ್ನ ರೂಟರ್ ಮನೆಯೊಳಗಿನ ನೆಟ್‌ವರ್ಕಿನಲ್ಲಿದೆ, ಹೊರಗಿನವನು ಹೇಗೆ ಮುಟ್ಟುತ್ತಾನೆ?' ಎಂಬ ನೆಮ್ಮದಿಗೆ ಇಲ್ಲಿ ತೂತು ಬೀಳುತ್ತದೆ. ನೀವು ತೆರೆದ ಯಾವುದೋ ಸೈಟು ತನ್ನ ಹೆಸರಿಗೆ ಮೊದಲು ತನ್ನದೇ ವಿಳಾಸ ಕೊಟ್ಟು, ಕ್ಷಣ ಬಿಟ್ಟು ಅದೇ ಹೆಸರಿಗೆ ನಿಮ್ಮ ರೂಟರಿನ ವಿಳಾಸ ಕೊಡಬಹುದು. ಬ್ರೌಸರಿನ ದೃಷ್ಟಿಯಲ್ಲಿ ಎರಡೂ ಒಂದೇ ಸೈಟು. ಆ ಸೈಟಿನ ಸ್ಕ್ರಿಪ್ಟು ನಿಮ್ಮದೇ ಬ್ರೌಸರಿನಲ್ಲಿ ಕೂತು ನಿಮ್ಮ ರೂಟರಿನ ಜೊತೆ ಮಾತಾಡುತ್ತದೆ. ಡಿಎನ್‌ಎಸ್ ರೀಬೈಂಡಿಂಗ್ ಎನ್ನುವ ಈ ತಂತ್ರದಿಂದ ರೂಟರುಗಳನ್ನು ಹೊಕ್ಕುವುದು ಹೇಗೆಂದು ಕ್ರೇಗ್ ಹೆಫ್ನರ್ 2010ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ತೋರಿಸಿದರು. ತಡೆಯುವುದು ಸುಲಭ. ಹೋಸ್ಟ್ ಸಾಲಿನಲ್ಲಿ ತನ್ನ ಹೆಸರು ಅಥವಾ ತನ್ನ ವಿಳಾಸ ಇಲ್ಲದಿದ್ದರೆ ಯಂತ್ರ ಅರ್ಜಿಯನ್ನು ವಾಪಸ್ ಕಳಿಸಿದರಾಯಿತು. ಒಂದು ಸಾಲಿನ ತಪಾಸಣೆ, ಬಹುಪಾಲು ಯಂತ್ರಗಳಲ್ಲಿ ಅದಿರಲಿಲ್ಲ.

ಯೂಸರ್-ಏಜೆಂಟ್: ಎಕ್ಸ್‌ಎಂಎಲ್‌ಸೆಟ್_ರೂಡ್‌ಕೇಬ್ಲಿಯೋಜ್28840ಐಬ್ಟೈಡ್

ಬಂದಿರುವ ಬ್ರೌಸರ್ ಯಾವುದು ಎಂದು ಹೇಳುವ ಸಾಲು. ಕ್ರೋಮ್ ಆದರೆ ಕ್ರೋಮ್ ಎಂದು, ಫೈರ್‌ಫಾಕ್ಸ್ ಆದರೆ ಫೈರ್‌ಫಾಕ್ಸ್ ಎಂದು. ಏನು ಬೇಕಾದರೂ ಬರೆಯಬಹುದು, ಪರಿಶೀಲಿಸುವವರಿಲ್ಲ. ಪುಟವನ್ನು ಹೇಗೆ ತೋರಿಸಬೇಕು ಎಂದು ತೀರ್ಮಾನಿಸಲಷ್ಟೇ ಇದರ ಉಪಯೋಗ.

ಅದೇ ಹೆಫ್ನರ್ 2013ರ ಅಕ್ಟೋಬರಿನಲ್ಲಿ ಡಿ-ಲಿಂಕ್ ಕಂಪನಿಯ ಡಿಐಆರ್-100 ರೂಟರಿನ ಫರ್ಮ್‌ವೇರನ್ನು ಬಿಡಿಸುತ್ತ ಕೂತಿದ್ದರು. ಒಳಗಿದ್ದ ವೆಬ್ ಸರ್ವರ್ ಒಂದು ತೆರೆದ ಆಕರದ ತಂತ್ರಾಂಶ, ಅದನ್ನು ಆಲ್ಫಾ ನೆಟ್‌ವರ್ಕ್ಸ್ ಎಂಬ ಕಂಪನಿ ತಿದ್ದಿಕೊಂಡಿತ್ತು. ಹಾಗೆ ಸೇರಿಸಿದ ಕಡೆಗಳಲ್ಲೆಲ್ಲ 'ಆಲ್ಫಾ' ಎಂದು ಹೆಸರಿಟ್ಟಿದ್ದರು. ಅವುಗಳಲ್ಲಿ ಒಂದು ಲಾಗಿನ್ ತಪಾಸಣೆಯ ಭಾಗ. ಹೆಫ್ನರ್ ಅದನ್ನು ಹಿಡಿದು ಓದಿದರು. ಅದು ನೋಡುತ್ತಿದ್ದದ್ದು ಇಷ್ಟು: ವಿಳಾಸದಲ್ಲಿ ಎಲ್ಲಾದರೂ 'ಗ್ರಾಫಿಕ್/' ಇದೆಯೇ? ಇದ್ದರೆ ಬಿಡು. 'ಪಬ್ಲಿಕ್/' ಇದೆಯೇ? ಇದ್ದರೆ ಬಿಡು. ಇಲ್ಲವಾದರೆ ಯೂಸರ್-ಏಜೆಂಟ್ ಸಾಲಿನಲ್ಲಿ ಈ ನಿರ್ದಿಷ್ಟ ಅಕ್ಷರಮಾಲೆ ಇದೆಯೇ? ಇದ್ದರೆ ಬಿಡು. ಮೂರೂ ಇಲ್ಲದಿದ್ದರೆ ಮಾತ್ರ ಹೆಸರು, ಪಾಸ್‌ವರ್ಡ್ ಕೇಳು.

ಆ ಅಕ್ಷರಮಾಲೆಯ ಬಾಲವನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯಿಂದ ಓದಿದರೆ 'ಎಡಿಟ್ ಬೈ' ಎಂದು ಶುರುವಾಗಿ, ಒಂದು ಸಂಖ್ಯೆ, ಯಾರದೋ ಹೆಸರು, ಕೊನೆಗೆ 'ಬ್ಯಾಕ್‌ಡೋರ್' ಎಂದು ಬರುತ್ತದೆ. ಹಿತ್ತಲ ಬಾಗಿಲಿಟ್ಟವರು ಬಾಗಿಲ ಮೇಲೆ ಹೆಸರನ್ನೂ ಕೆತ್ತಿದ್ದರು, ತಿರುಗುಮುರುಗಾಗಿ.

ಇದನ್ನು ಕೇಡಿಗೆಂದೇ ಇಟ್ಟದ್ದು ಎಂದು ನನಗೆ ಅನ್ನಿಸುವುದಿಲ್ಲ. ಹೆಫ್ನರ್ ಅವರ ಊಹೆಯೂ ಬೇರೆಯೇ ಇತ್ತು. ರೂಟರಿನ ಒಳಗೇ ಓಡುವ ಇನ್ನೊಂದು ಪ್ರೋಗ್ರಾಂ ಆಗಾಗ ಸೆಟ್ಟಿಂಗ್ಸ್ ಬದಲಿಸಬೇಕಾಗುತ್ತಿತ್ತು. ಸೆಟ್ಟಿಂಗ್ಸ್ ಬದಲಿಸುವ ಕೋಡೆಲ್ಲ ವೆಬ್ ಸರ್ವರಿನಲ್ಲಿ ಮೊದಲೇ ಇತ್ತು. ಮತ್ತೆ ಯಾಕೆ ಬರೆಯಬೇಕೆಂದು ಆ ಪ್ರೋಗ್ರಾಮನ್ನು ವೆಬ್ ಸರ್ವರಿಗೇ ಅರ್ಜಿ ಹಾಕುವಂತೆ ಮಾಡಿದರು. ಆದರೆ ಬಳಕೆದಾರ ಪಾಸ್‌ವರ್ಡ್ ಬದಲಿಸಿಬಿಟ್ಟರೆ ಈ ಪ್ರೋಗ್ರಾಮಿಗೂ ಪ್ರವೇಶ ಸಿಗುವುದಿಲ್ಲವಲ್ಲ! ಅದಕ್ಕೊಂದು ಗುಪ್ತ ಮಾತು ಇಟ್ಟರು. ಗಡುವು ಹತ್ತಿರ ಬಂದಾಗ ಇಂಥ ಜುಗಾಡುಗಳು ಹುಟ್ಟುವುದನ್ನು ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಫರ್ಮ್‌ವೇರ್ ಕಡತ ಕಂಪನಿಯ ಸೈಟಿನಲ್ಲೇ ಡೌನ್‌ಲೋಡಿಗೆ ಸಿಗುತ್ತದೆ. ಅದರಲ್ಲಿ ಅಡಗಿಸಿದ ಗುಟ್ಟು ಗುಟ್ಟಾಗಿ ಉಳಿಯುವುದು ಯಾರೋ ಒಬ್ಬರು ಓದುವವರೆಗೆ.

ಗುಪ್ತ ಮಾತಿನ ಬದಲು ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಮಾತಾಡಲು ನೆಟ್‌ವರ್ಕಿಗೆ ಕಾಣದ ಒಳದಾರಿಯನ್ನು ಬಳಸಬೇಕು. ಆಪರೇಟಿಂಗ್ ಸಿಸ್ಟಮ್ ಅಂಥ ದಾರಿಯನ್ನು ಪುಕ್ಕಟೆ ಕೊಡುತ್ತದೆ.

ಫಾರ್ವರ್ಡೆಡ್: ಫಾರ್=127.0.0.1

ಮಧ್ಯೆ ಇನ್ನೊಂದು ಸರ್ವರ್ ಇದ್ದಾಗ 'ಈ ಅರ್ಜಿ ಮೂಲತಃ ಇಂಥವರಿಂದ ಬಂದದ್ದು' ಎಂದು ಅದು ಬರೆದು ದಾಟಿಸುವ ಸಾಲು. 127.0.0.1 ಎಂದರೆ 'ನಾನೇ', ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಕಲ್ಯಾಣಮಂಟಪದಲ್ಲಿ ಹೆಣ್ಣಿನ ಕಡೆಯವರು ಕೇಳಿದರೆ 'ಗಂಡಿನ ಕಡೆಯವನು' ಎಂದು ಹೇಳಿ ಊಟದ ಪಂಕ್ತಿಗೆ ಕೂರುವವನ ಜಾಣತನವೇ ಇದು.

ಮನೆಯ ಅಗ್ಗದ ರೂಟರಿನ ಕತೆಯಲ್ಲ ಇದು. 2022ರ ಅಕ್ಟೋಬರಿನಲ್ಲಿ ಫೋರ್ಟಿನೆಟ್ ಕಂಪನಿಯ ಫೈರ್‌ವಾಲ್‌ಗಳಲ್ಲಿ ಇಂಥದ್ದೇ ದೋಷ ಹೊರಬಂತು, ಸಿವಿಇ-2022-40684 ಎಂಬ ಸಂಖ್ಯೆಯಲ್ಲಿ. ಫಾರ್ವರ್ಡೆಡ್ ಸಾಲಿನಲ್ಲಿ 127.0.0.1 ಎಂದು ಬರೆದು, ಯೂಸರ್-ಏಜೆಂಟ್ ಸಾಲಿನಲ್ಲಿ ಯಂತ್ರದ ಒಳಗಿನದೇ ಒಂದು ಸೇವೆಯ ಹೆಸರು ಹಾಕಿದರೆ, ಆಡಳಿತದ ಬಾಗಿಲು ಪಾಸ್‌ವರ್ಡ್ ಕೇಳದೆ ತೆರೆಯುತ್ತಿತ್ತು. ದಾಳಿಕೋರ ಅಡ್ಮಿನ್ ಖಾತೆಗೆ ತನ್ನ ಎಸ್‌ಎಸ್‌ಎಚ್ ಕೀಲಿಯನ್ನು ಸೇರಿಸಿ ಹೋದರೆ, ಆಮೇಲೆ ಯಾವಾಗ ಬೇಕಾದರೂ ರಾಜಮಾರ್ಗದಲ್ಲೇ ಬರಬಹುದಿತ್ತು. ಡಿ-ಲಿಂಕ್ ಪ್ರಕರಣ ನಡೆದು ಒಂಬತ್ತು ವರ್ಷವಾಗಿತ್ತು. ಕಾರಣ ಅದೇ: ಒಳಗಿನ ಸೇವೆಯೊಂದಕ್ಕೆ ಮಾಡಿಕೊಟ್ಟ ಅನುಕೂಲ. ಬಂದವನ ನಿಜವಾದ ವಿಳಾಸ ಸಂಪರ್ಕದಲ್ಲೇ ಇರುತ್ತದೆ, ಕಾಗದದಲ್ಲಿ ಹುಡುಕಬೇಕಾಗಿಲ್ಲ. ಹೊರಗಿನಿಂದ ಬರುವ ಅರ್ಜಿಗಳಲ್ಲಿ ಈ ಸಾಲು ಕಂಡರೆ ಬಾಗಿಲಲ್ಲೇ ಅಳಿಸಿಹಾಕಬೇಕು.

ಕುಕೀ: ಯುಐಡಿ=ಅಡ್ಮಿನ್

ಒಮ್ಮೆ ಲಾಗಿನ್ ಆದವರನ್ನು ಪುಟಪುಟಕ್ಕೂ ಪಾಸ್‌ವರ್ಡ್ ಕೇಳದಿರಲು ಯಂತ್ರ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಪ್ರತಿ ಅರ್ಜಿಯ ಜೊತೆ ಹಿಂದಕ್ಕೆ ತೋರಿಸುತ್ತದೆ. ಚೀಟಿಯಲ್ಲಿ ಇರಬೇಕಾದದ್ದು ಯಾರೂ ಊಹಿಸಲಾಗದ ಉದ್ದನೆಯ ಯಾದೃಚ್ಛಿಕ ಸಂಖ್ಯೆ. ಇಲ್ಲಿರುವುದು 'ನಾನು ಅಡ್ಮಿನ್' ಎಂಬ ಮಾತು.

2018ರಲ್ಲಿ ಬೆಳಕಿಗೆ ಬಂದ ಟಿಬಿಕೆ ಡಿವಿಆರ್‌ಗಳ ದೋಷ ಅಕ್ಷರಶಃ ಇದೇ. ಈ ಒಂದು ಕುಕೀ ಕಳಿಸಿ ಬಳಕೆದಾರರ ಪಟ್ಟಿ ಕೇಳಿದರೆ ಹೆಸರುಗಳ ಜೊತೆ ಪಾಸ್‌ವರ್ಡುಗಳೂ ಮುಚ್ಚುಮರೆಯಿಲ್ಲದೆ ಬರುತ್ತಿದ್ದವು. ಆ ಯಂತ್ರಗಳು ಬೇರೆಬೇರೆ ಹೆಸರಿನಲ್ಲಿ ಲೋಕದ ಎಲ್ಲ ಕಡೆ ಮಾರಾಟವಾಗಿದ್ದವು. ಐದು ವರ್ಷದ ನಂತರ, 2023ರ ಏಪ್ರಿಲ್‌ನಲ್ಲೂ ಈ ದೋಷವನ್ನು ಗುರಿಮಾಡಿದ 50,000ಕ್ಕೂ ಹೆಚ್ಚು ಪ್ರಯತ್ನಗಳನ್ನು ಗುರುತಿಸಿರುವುದಾಗಿ ಫೋರ್ಟಿನೆಟ್‌ನದೇ ಸಂಶೋಧನಾ ವಿಭಾಗ ಹೇಳಿತು. ಡಿವಿಆರ್ ಒಮ್ಮೆ ಗೋಡೆಗೇರಿದರೆ ಕೆಟ್ಟುಹೋಗುವವರೆಗೂ ಇಳಿಯುವುದಿಲ್ಲ. ಬೇಕರಿಯಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಕ್ಲಿನಿಕ್ಕಿನಲ್ಲಿ ಕೂತ ಪೆಟ್ಟಿಗೆಗಳಿಗೆ ಅಪ್‌ಡೇಟ್ ಎಂಬುದೊಂದಿದೆ ಎಂದು ಅಳವಡಿಸಿದವನೂ ಹೇಳಿರುವುದಿಲ್ಲ. ಕಂಪನಿ ಕೈಬಿಟ್ಟ ಮಾದರಿಯಾದರೆ ಅದನ್ನು ಇಂಟರ್‌ನೆಟ್‌ನಿಂದ ಪೂರ್ತಿ ಕಳಚಬೇಕು, ಇಲ್ಲವೇ ಬದಲಿಸಬೇಕು. ಬೇರೆ ದಾರಿಯಿಲ್ಲ. ಮೊಬೈಲಿನಲ್ಲಿ ಕ್ಯಾಮೆರಾ ನೋಡಲೇಬೇಕಾದರೆ ವಿಪಿಎನ್ ಮೂಲಕ ಮನೆಯ ನೆಟ್‌ವರ್ಕಿಗೆ ಬಂದು ನೋಡಬಹುದು. ರೂಟರಿನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಡಿವಿಆರ್ ತಾನಾಗಿಯೇ ಹೊರಗಡೆಗೆ ಪೋರ್ಟ್ ತೆರೆಸಿಕೊಂಡಿರುತ್ತದೆ, ಅದನ್ನು ಆಫ್ ಮಾಡಿಡುವುದು ಕ್ಷೇಮ.

2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಈಗಾಗಲೇ ಗೋಡೆಯ ಮೇಲಿರುವುದಕ್ಕೆ ಅದು ಅನ್ವಯಿಸುವುದಿಲ್ಲ.

ಆಥರೈಸೇಶನ್: ಡೈಜೆಸ್ಟ್ ಯೂಸರ್‌ನೇಮ್="ಅಡ್ಮಿನ್", ರೆಸ್ಪಾನ್ಸ್=""

ಇಡೀ ಅರ್ಜಿಯಲ್ಲಿ ಯಂತ್ರ ನಿಜವಾಗಿ ತೂಗಿ ನೋಡಬೇಕಾದ ಸಾಲು ಇದು. ಮೇಲಿನವುಗಳಲ್ಲಿ ತಪಾಸಣೆ ತಪ್ಪಿಸಿಕೊಳ್ಳುವ ದಾರಿ ಹುಡುಕಲಾಗಿತ್ತು. ಇಲ್ಲಿ ತಪಾಸಣೆ ನಡೆಯುತ್ತದೆ, ನಡೆದೂ ಸೋಲುತ್ತದೆ.

'ಅಡ್ಮಿನ್' ಎಂಬ ಹೆಸರು ಮೊದಲು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದು ಕಾರ್ಖಾನೆಯಿಂದಲೇ ಬಂದ ಯಂತ್ರಗಳಿಗೆ ಕುತಂತ್ರವೇ ಬೇಕಾಗಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ವೆಬ್ ಪುಟದ ಬದಲು ಟೆಲ್ನೆಟ್ ಎಂಬ ಪಕ್ಕದ ಬಾಗಿಲಲ್ಲಿ ಬಂದಿತ್ತು, ಅಷ್ಟೇ ವ್ಯತ್ಯಾಸ. ಕರ್ನಾಟಕಕ್ಕೂ ಈ ಬಿಸಿ ತಟ್ಟಿದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಮಾಲ್‌ವೇರ್ ಹೊಡೆತಕ್ಕೆ ಸಿಕ್ಕಿ ನಿಂತುಹೋದವು. ಸಿಕ್ಕಿಬಿದ್ದದ್ದು ಮೊದಲಿದ್ದ ಪಾಸ್‌ವರ್ಡನ್ನು ಬದಲಿಸದೇ ಇದ್ದವು. ಗ್ರಾಹಕರು ಕೂಡಲೇ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕೆಂದು ಸಂಸ್ಥೆ ಸೂಚನೆ ಹೊರಡಿಸಿತು.

ಬದಲಿಸುವ ಹೊಣೆಯನ್ನು ಗ್ರಾಹಕರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ, ಕೆಲವು ಸರ್ಕಾರಗಳದೂ ಹೌದು. ಪ್ರತಿ ಯಂತ್ರಕ್ಕೂ ಬೇರೆಯದೇ ಪಾಸ್‌ವರ್ಡ್ ಇರಬೇಕು ಅಥವಾ ಮೊದಲ ಬಳಕೆಯಲ್ಲೇ ಹೊಸದನ್ನು ಇಡಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಇದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಆ ಬೇರೆಬೇರೆ ಪಾಸ್‌ವರ್ಡುಗಳು ಒಂದು, ಎರಡು, ಮೂರು ಎಂಬ ಸರಣಿಯಲ್ಲಿ ಬರಬಾರದು, ಸಾರ್ವಜನಿಕವಾಗಿ ಸಿಗುವ ಮಾಹಿತಿಯಿಂದ ಹುಟ್ಟಿಸಿದ್ದಾಗಿರಬಾರದು. ಈ ಎಚ್ಚರಿಕೆಗೆ ಅರ್ಥವಿದೆ. ಮ್ಯಾಕ್ ವಿಳಾಸದಿಂದ ಲೆಕ್ಕ ಹಾಕಿ ಪಾಸ್‌ವರ್ಡ್ ಅಚ್ಚು ಹಾಕಿದರೆ ಸ್ಟಿಕರ್ ನೋಡಿದವರಿಗೆ ಬಲು ಭದ್ರವಾಗಿ ಕಾಣುತ್ತದೆ. ಆ ವಿಳಾಸವನ್ನೋ ವೈಫೈ ದಿನವಿಡೀ ಗಾಳಿಯಲ್ಲಿ ಸಾರುತ್ತಿರುತ್ತದೆ.

ಇನ್ನು 'ರೆಸ್ಪಾನ್ಸ್=""'. ಅದರೊಳಗೆ ಏನೂ ಇಲ್ಲ, ಅಚಾತುರ್ಯದಿಂದಲ್ಲ.

ಡೈಜೆಸ್ಟ್ ಎಂಬ ವಿಧಾನದಲ್ಲಿ ಪಾಸ್‌ವರ್ಡನ್ನು ನೇರವಾಗಿ ಕಳಿಸುವುದಿಲ್ಲ. ಯಂತ್ರ ಮೊದಲು ಒಂದು ಸವಾಲಿನ ಸಂಖ್ಯೆ ಕೊಡುತ್ತದೆ. ಬ್ರೌಸರ್ ಆ ಸಂಖ್ಯೆ, ಹೆಸರು, ಪಾಸ್‌ವರ್ಡ್ ಎಲ್ಲವನ್ನೂ ಅರೆದು 32 ಅಕ್ಷರಗಳ ಒಂದು ಉತ್ತರ ಮಾಡಿ ಕಳಿಸುತ್ತದೆ. ಯಂತ್ರವೂ ತನ್ನ ಕಡೆ ಅದೇ ಲೆಕ್ಕ ಮಾಡಿ, ಎರಡು ಉತ್ತರಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ವಿಧಾನ ಚೆನ್ನಾಗಿಯೇ ಇದೆ. ಹೋಲಿಸುವ ಸಿ ಭಾಷೆಯ ಆದೇಶಕ್ಕೆ ಮೂರು ವಿಷಯ ಹೇಳಬೇಕು: ಮೊದಲನೆಯ ಪಠ್ಯ, ಎರಡನೆಯ ಪಠ್ಯ, ಮತ್ತು ಎಷ್ಟು ಅಕ್ಷರ ಹೋಲಿಸಬೇಕು ಎಂಬ ಸಂಖ್ಯೆ. ಆ ಜಾಗದಲ್ಲಿ 32 ಎಂದು ಬರೆಯುವ ಬದಲು ಬಂದವನು ಕಳಿಸಿದ ಉತ್ತರದ ಉದ್ದವನ್ನು ಕೊಟ್ಟಿದ್ದರು. ಬಂದವನು ಏನನ್ನೂ ಕಳಿಸದಿದ್ದರೆ ಉದ್ದ ಸೊನ್ನೆ. ಸೊನ್ನೆ ಅಕ್ಷರ ಹೋಲಿಸಿ ನೋಡಿದಾಗ ವ್ಯತ್ಯಾಸವೂ ಸೊನ್ನೆ, ಅಂದರೆ ಹೊಂದಿಕೆಯಾಯಿತು, ಅಂದರೆ ಪಾಸ್‌ವರ್ಡ್ ಸರಿ! ತಪ್ಪು ಉತ್ತರ ಕೊಟ್ಟವನನ್ನು ಹೊರಗೆ ಹಾಕುತ್ತಿದ್ದ ಯಂತ್ರ, ಖಾಲಿ ಕಾಗದ ಕೊಟ್ಟವನನ್ನು ಪಾಸು ಮಾಡುತ್ತಿತ್ತು.

ಇದು ಯಾವುದೋ ಹೆಸರಿಲ್ಲದ ಕಾರ್ಖಾನೆಯ ಕೋಡಲ್ಲ, ಇಂಟೆಲ್‌ದು. ಕಚೇರಿಗಳ ಕಂಪ್ಯೂಟರುಗಳನ್ನು ದೂರದಿಂದ ನಿರ್ವಹಿಸಲು ಇಂಟೆಲ್ ಚಿಪ್‌ಗಳ ಜೊತೆ ಕೊಡುವ ಎಎಂಟಿ ಎಂಬ ಸೌಲಭ್ಯದಲ್ಲಿ, 6ರಿಂದ 11.6ರವರೆಗಿನ ಆವೃತ್ತಿಗಳಲ್ಲಿ ಇದಿತ್ತು. ಎಂಬೆಡಿ ಸಂಸ್ಥೆಯ ಮ್ಯಾಕ್ಸಿಂ ಮಾಲ್ಯುಟಿನ್ ಕಂಡುಹಿಡಿದರು, 2017ರ ಮೇ 1ರಂದು ಇಂಟೆಲ್ ಪ್ರಕಟಿಸಿತು. ಎಎಂಟಿ ಇರುವುದು ಮುಖ್ಯ ಪ್ರೊಸೆಸರಿನಿಂದ ಬೇರೆಯಾದ ಪುಟ್ಟ ಪ್ರೊಸೆಸರಿನಲ್ಲಿ. ವಿಂಡೋಸ್ ಮುಚ್ಚಿ ಮನೆಗೆ ಹೋದರೂ ಪ್ಲಗ್ಗಿನಲ್ಲಿ ಕರೆಂಟು ಇದ್ದರೆ 16992ನೇ ಪೋರ್ಟಿನಲ್ಲಿ ಅದು ಎಚ್ಚರವಾಗಿಯೇ ಇರುತ್ತದೆ. ಆಂಟಿವೈರಸ್ಸಿಗೆ ಅದರ ಸುಳಿವೂ ಇಲ್ಲ.

ಬೆರಗಿನ ಸಂಗತಿ ಎಂದರೆ ಇದು ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಸರಿಯಾದ ಪಾಸ್‌ವರ್ಡ್ ಕೊಟ್ಟು ನೋಡಿರುತ್ತಾರೆ, ತಪ್ಪು ಪಾಸ್‌ವರ್ಡ್ ಕೊಟ್ಟು ನೋಡಿರುತ್ತಾರೆ. ಏನೂ ಕೊಡದೆ ನೋಡಬೇಕೆಂದು ತೋಚದೇ ಹೋಯಿತು. ಮಾಮೂಲಿ ಬ್ರೌಸರ್ ಖಾಲಿ ಉತ್ತರ ಕಳಿಸುವುದೇ ಇಲ್ಲವಲ್ಲ! ಮೊದಲು ಉದ್ದ ನೋಡು, 32 ಇಲ್ಲದಿದ್ದರೆ ಅಲ್ಲಿಗೇ ತಿರಸ್ಕರಿಸು ಎಂಬ ಒಂದು ಸಾಲು ಸಾಕಾಗಿತ್ತು.

ಖಾಲಿ ಸಾಲು

ಇಲ್ಲಿಗೆ ತಲೆಬರಹ ಮುಗಿಯಿತು, ಮುಂದಿನದು ಒಡಲು ಎಂದು ಹೇಳಲು ಒಂದು ಸಾಲು ಖಾಲಿ ಬಿಡಬೇಕು. ಇದರಲ್ಲಿ ತಂಟೆಯಿಲ್ಲ.

ಡಿಎನ್‌ಎಸ್1=203.0.113.53

ಇಷ್ಟೆಲ್ಲ ಸರ್ಕಸ್ಸು ಮಾಡಿ ಬಂದವನು ಬದಲಿಸಿದ್ದು ಒಂದೇ ಒಂದು ವಿಳಾಸ. ಸೈಟಿನ ಹೆಸರು ಹೇಳಿದರೆ ಅದರ ಸಂಖ್ಯಾರೂಪದ ವಿಳಾಸ ಹುಡುಕಿಕೊಡುವ ಸರ್ವರ್ ಡಿಎನ್‌ಎಸ್. ಇನ್ನು ಮುಂದೆ ಮನೆಯವರು ಬ್ಯಾಂಕಿನ ಹೆಸರು ಹೊಡೆದರೆ ದಾರಿ ಹೇಳುವವನು ದಾಳಿಕೋರನೇ. ಬ್ರೆಜಿಲ್‌ನಲ್ಲಿ 2011ರಲ್ಲಿ ನಡೆದದ್ದು ಹೀಗೆ. ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ಬದಲಾಗಿತ್ತು ಎಂದು ಕ್ಯಾಸ್ಪರ್‌ಸ್ಕಿಯ ಫಾಬಿಯೊ ಅಸ್ಸೋಲಿನಿ ಮರುವರ್ಷ ವಿವರಿಸಿದರು. ಕಂಪ್ಯೂಟರಿನಲ್ಲಿ ವೈರಸ್ ಇಲ್ಲ, ಫೋನಿನಲ್ಲಿ ವೈರಸ್ ಇಲ್ಲ, ಆದರೂ ಮನೆಯ ಎಲ್ಲ ಸಾಧನಗಳೂ ದಾರಿ ತಪ್ಪುತ್ತವೆ. ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಡಿಎನ್‌ಎಸ್ ಜಾಗದಲ್ಲಿ ಏನಿದೆ ಎಂದು ಆಗೊಮ್ಮೆ ಈಗೊಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಡಿಎನ್‌ಎಸ್, ಪಾಸ್‌ವರ್ಡ್, ಫರ್ಮ್‌ವೇರ್ ಈ ಮೂರನ್ನು ಬದಲಿಸುವ ಮುನ್ನ ಹಳೆಯ ಪಾಸ್‌ವರ್ಡನ್ನು ಇನ್ನೊಮ್ಮೆ ಕೇಳುವ ಯಂತ್ರಗಳಿವೆ. ಕಿರಿಕಿರಿ ಅನ್ನಿಸಿದರೂ ಅವೇ ಮೇಲು.

ಉತ್ತರ: ಎಚ್‌ಟಿಟಿಪಿ/1.1 401 ಅನಾಥರೈಸ್ಡ್

ಅರ್ಜಿ ಮುಗಿಯಿತು, ಯಂತ್ರದ ಉತ್ತರವೊಂದು ಉಳಿದಿದೆ. 200 ಎಂದರೆ ಆಗಲಿ, 401 ಎಂದರೆ ನಿನಗೆ ಅಧಿಕಾರವಿಲ್ಲ. ಮೇಲಿನ ಹೆಚ್ಚಿನ ಪ್ರಕರಣಗಳಲ್ಲಿ 401 ಬರಬೇಕಾದ ಕಡೆ 200 ಬಂದಿತ್ತು. ಆದರೆ 401 ಬಂದರೂ ಸಮಾಧಾನಪಡುವಂತಿಲ್ಲ.

ಟ್ರಸ್ಟ್‌ವೇವ್ ಸಂಸ್ಥೆಯ ಸೈಮನ್ ಕೆನಿನ್ 2017ರ ಜನವರಿಯಲ್ಲಿ ನೆಟ್‌ಗಿಯರ್ ರೂಟರುಗಳ ಬಗ್ಗೆ ಬರೆದದ್ದು ಇದನ್ನೇ. ಲಾಗಿನ್ ಕಿಟಕಿಯಲ್ಲಿ ಏನೂ ಬರೆಯದೆ ಕ್ಯಾನ್ಸಲ್ ಒತ್ತಿದರೆ ರೂಟರ್ ನಿರಾಕರಣೆಯ ಪುಟ ಕಳಿಸುತ್ತಿತ್ತು. ಆ ಪುಟದ ಮೂಲದಲ್ಲಿ ಒಂದು ಸಂಖ್ಯೆ ಅವಿತಿತ್ತು. ಅದನ್ನು ಪಾಸ್‌ವರ್ಡ್ ಮರಳಿ ಪಡೆಯುವ ಪುಟಕ್ಕೆ ಕಳಿಸಿದರೆ ಅಡ್ಮಿನ್ ಹೆಸರು, ಪಾಸ್‌ವರ್ಡ್ ಎರಡೂ ಪರದೆಯ ಮೇಲೆ. ಆಮೇಲೆ ಪ್ರಯೋಗಿಸುವಾಗ, ಆ ಸಂಖ್ಯೆಯೂ ಬೇಕಿಲ್ಲ, ಏನು ಕಳಿಸಿದರೂ ನಡೆಯುತ್ತದೆ ಎಂದು ಗೊತ್ತಾಯಿತು. ಪಾಸ್‌ವರ್ಡ್ ಮರಳಿ ಪಡೆಯುವ ಸೌಲಭ್ಯವನ್ನು ಬೇಡವೆಂದು ಆಫ್ ಇಟ್ಟವರಿಗೇ ಈ ದೋಷ ತಟ್ಟುತ್ತಿತ್ತು. ಹಾಗಾಗಿ ಹೊಸ ಫರ್ಮ್‌ವೇರ್ ಹಾಕಿಕೊಳ್ಳಲಾಗದ ಗ್ರಾಹಕರಿಗೆ ನೆಟ್‌ಗಿಯರ್ ಕೊಟ್ಟ ಸಲಹೆ ಎರಡು: ಆ ಸೌಲಭ್ಯವನ್ನು ಆನ್ ಮಾಡಿ, ರಿಮೋಟ್ ಮ್ಯಾನೇಜ್‌ಮೆಂಟನ್ನು ಆಫ್ ಮಾಡಿ.